ವಿಭೂತಿ ಕುಡಿದ ಡಾಂಗಲ್

ನನ್ನ ಮಗನಿಗೆ ದೇವರ ಮೇಲೆ ಭಕ್ತಿ ಇದೆ. ಅದರಿಂದ ನನಗೇನೂ ತೊಂದರೆ ಇಲ್ಲ. ಆದರೆ ಆ ಭಕ್ತಿಗೆ ಕಣ್ಣಿಲ್ಲ. ಎದುರಿಗಿರುವುದು ಕಬ್ಬಿಣದ ಉಳಿಯೋ, ಕರೆಂಟಿನ ವಸ್ತುವೋ ಎಂದು ನೋಡುವುದಿಲ್ಲ, ನೀರು ಹಾಕಿಯೇ ಬಿಡುತ್ತದೆ. ಹೋದ ವರ್ಷದ ಆಯುಧ ಪೂಜೆಯಲ್ಲಿ ಅವನು ಮಾಡಿದ ಕೆಲಸದಿಂದ ನಾನು ಈ ವಯಸ್ಸಿನಲ್ಲಿ ಒಂದು ಕಂಪ್ಯೂಟರನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ಚನ್ನಗಿರಿಯಿಂದ ಜಗಳೂರಿನ ತನಕ ಬಸ್ಸಿನಲ್ಲಿ ಹೋಗಬೇಕಾಯಿತು.

ಮೊದಲು ನಮ್ಮ ಕಸುಬು ಏನೆಂದು ಹೇಳುತ್ತೇನೆ. ಚನ್ನಗಿರಿಯಲ್ಲಿ ನಮ್ಮದೊಂದು ಮರಗೆಲಸದ ಶೆಡ್ಡು. ಬಾಗಿಲು, ಬಾಗಿಲಿನ ಚೌಕಟ್ಟು, ದೇವರ ಮಂಟಪ ಮಾಡುತ್ತೇವೆ. ಹಿಂದೆ ಎಲ್ಲವೂ ಕೈಕೆತ್ತನೆ. ಆಮೇಲೆ ಕೆತ್ತನೆ ಮಷಿನ್ ಬಂತು, ಅದೂ ಯಾರೋ ಬಳಸಿ ಬಿಟ್ಟ ಹಳೆಯದು. ಜೋಡಿ ಮಂಚದಷ್ಟು ದೊಡ್ಡ ಮೇಜು, ಅದರ ಮೇಲೊಂದು ಅಡ್ಡ ಕಂಬಿ, ಕಂಬಿಯಲ್ಲಿ ಗಿರ್ರನೆ ತಿರುಗುವ ಮೊನೆ. ಪಕ್ಕದಲ್ಲಿ ಕಂಪ್ಯೂಟರ್. ಕಂಪ್ಯೂಟರಿನಲ್ಲಿ ಬಳ್ಳಿ ಬರೆದರೆ ಮಷಿನ್ ಮರದ ಮೇಲೆ ಬಳ್ಳಿ ಕೆತ್ತುತ್ತದೆ. ಮಗ ಮರ ನೋಡಿಕೊಳ್ಳುತ್ತಾನೆ, ಸೊಸೆ ಕಂಪ್ಯೂಟರ್ ನೋಡಿಕೊಳ್ಳುತ್ತಾಳೆ, ನಾನು ಅವರಿಬ್ಬರನ್ನೂ ನೋಡಿಕೊಳ್ಳುತ್ತೇನೆ. ಮೂರರಲ್ಲಿ ನನ್ನ ಕೆಲಸವೇ ಕಷ್ಟದ್ದು.

ಆ ಕಂಪ್ಯೂಟರಿನ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿಯನ್ನು ಸ್ಕ್ರೂ ಹಾಕಿ ಬಿಗಿದಿದ್ದರು. ಅದರ ಬಾಯಲ್ಲಿ ಸೂಜಿಯಂಥ ಕಡ್ಡಿಗಳು. ಅದಕ್ಕೆ ಡಾಂಗಲ್ ಎಂದು ಹೆಸರು. ಅದು ಕೆತ್ತುವುದಿಲ್ಲ, ಕೊರೆಯುವುದಿಲ್ಲ, ದೀಪ ಉರಿಸುವುದಿಲ್ಲ, ಸದ್ದು ಮಾಡುವುದಿಲ್ಲ. ಬೆಳಿಗ್ಗೆ ಸಾಫ್ಟ್‌ವೇರ್ ತೆರೆಯುವಾಗ ಅದು ಬೆನ್ನಿಗೆ ಅಂಟಿಕೊಂಡಿರಬೇಕು, ಅಷ್ಟೇ. ಇಲ್ಲದಿದ್ದರೆ ಸಾಫ್ಟ್‌ವೇರ್ ತೆರೆಯುವುದಿಲ್ಲ, ಮಷಿನ್ ಕದಲುವುದಿಲ್ಲ. ಸೊಸೆ ಇದನ್ನು ಮೊದಲ ಸಲ ಹೇಳಿದಾಗ ನಾನು ನಂಬಿರಲಿಲ್ಲ.

"ದುಡ್ಡು ಕೊಟ್ಟು ತಂದೀವಲ್ಲೇ?" ಅಂದೆ.

"ತಂದೀವಿ ಅತ್ತೆ. ಆದ್ರೂ ಕೊಂಡೋರು ನಾವೇ ಅಂತ ದಿನಾ ತೋರಿಸ್ಬೇಕು."

"ಸಂತೆಯಿಂದ ಕೊಡಲಿ ತಂದ್ರೆ ಅದು ದಿನಾ ಬೆಳಿಗ್ಗೆ ಎದ್ದು ನೀನ್ಯಾರು ಅಂತ ಕೇಳ್ತೈತಾ?"

"ಕಂಪನಿಯೋರಿಗೆ ಕಳ್ಳರ ಭಯ ಅತ್ತೆ. ಯಾರಾದ್ರೂ ಕಾಪಿ ಹೊಡ್ಕೊಂಡು ಹೋಗ್ತಾರೆ ಅಂತ."

"ಭಯ ಅವ್ರಿಗೆ, ಕಾವಲು ನಮ್ ಮನ್ಯಾಗಾ?"

ಅವಳು ನಕ್ಕಳು. ನಾನು ನಗಲಿಲ್ಲ. ಈಗಲೂ ನನಗೆ ಅದರಲ್ಲಿ ನಗು ಕಾಣುವುದಿಲ್ಲ.

ಇನ್ನು ನನ್ನ ಮಗಳ ವಿಷಯ. ಅವಳನ್ನು ಸವಳಂಗಕ್ಕೆ ಕೊಟ್ಟಿದ್ದೇವೆ. ಹೋದ ವರ್ಷ ಅಲ್ಲಿ ಮನೆ ಕಟ್ಟಿಸುತ್ತಿದ್ದರು. ತಲೆಬಾಗಿಲನ್ನು ತವರಿನಿಂದಲೇ ಕೊಡುತ್ತೇವೆ ಎಂದು ನನ್ನ ಮಗ ನೆಂಟರೆಲ್ಲರ ಎದುರಿಗೆ ಮಾತು ಕೊಟ್ಟುಬಿಟ್ಟಿದ್ದ. ದೀಪಾವಳಿ ಕಳೆದ ಮೇಲೆ ಚೌಕಟ್ಟು ನಿಲ್ಲಿಸುವ ಪೂಜೆಗೆ ದಿನ ಗೊತ್ತಾಗಿತ್ತು. ಗಾರೆಯವರು ಗೋಡೆಯಲ್ಲಿ ಜಾಗ ಬಿಟ್ಟು ಕಾಯುತ್ತಿದ್ದರು. ಆಯುಧ ಪೂಜೆಗೆ ಮುಂಚೆಯೇ ಮೇಲಿನ ಅಡ್ಡಪಟ್ಟಿ, ಎಡಗಡೆಯ ನಿಲುಗಂಬ ಎರಡೂ ಕೆತ್ತನೆ ಮುಗಿದು ಗೋಡೆಗೆ ಒರಗಿದ್ದವು. ಬಳ್ಳಿ, ಬಳ್ಳಿಯ ಮಧ್ಯೆ ಮಾವಿನಕಾಯಿ, ಕಾಯಿಗೆ ಬಾಯಿ ಹಾಕಿದ ಗಿಣಿ. ಆ ಗಿಣಿಯ ಕೊಕ್ಕಿನ ವಿಷಯಕ್ಕೆ ಗಂಡ ಹೆಂಡತಿ ಜಗಳವಾಡಿ ಮಾತು ಬಿಟ್ಟು, ಮತ್ತೆ ಮಾತಾಡಿ, ಮತ್ತೆ ಜಗಳವಾಡಿದ್ದರು. ಬಲಗಡೆಯ ಕಂಬ ಬಾಕಿ ಇತ್ತು. ಹಬ್ಬ ಮುಗಿದ ಮೇಲೆ ಕೆತ್ತಿದರಾಯಿತು ಎಂದುಕೊಂಡಿದ್ದೆವು.

ನನ್ನ ಬೀಗತಿಯ ಬಗ್ಗೆಯೂ ಹೇಳಬೇಕು. ಕೆಟ್ಟ ಹೆಂಗಸಲ್ಲ. ಆದರೆ ದಿನಕ್ಕೊಂದು ಹುಳುಕು ಸಿಗದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಬಾಗಿಲು ಬರುವುದು ತಡವಾದರೆ ನಮಗೆ ಒಂದು ಮಾತು ಅಂದು ಸುಮ್ಮನಾಗುತ್ತಾರೆ. ನನ್ನ ಮಗಳಿಗೆ ಮಾತ್ರ ಆ ಬಾಗಿಲು ದಾಟಿದಾಗಲೆಲ್ಲ ಅನ್ನುತ್ತಾರೆ. ಬಾಗಿಲು ದಾಟದೆ ಯಾರಿಗೆ ಬದುಕಲು ಆಗುತ್ತದೆ? ನನಗಿದ್ದ ಚಿಂತೆ ಅದೊಂದೇ.

ಆಯುಧ ಪೂಜೆ ಬಂತು. ನಮ್ಮಲ್ಲಿ ಹಿಂದಿನ ದಿನವೇ ಉಳಿ, ಬಾಚಿ, ಗರಗಸಗಳನ್ನೆಲ್ಲ ತೊಳೆದು ಒಣಗಿಸಿ, ಮಾರನೆಯ ದಿನ ವಿಭೂತಿ ಕುಂಕುಮ ಹಚ್ಚಿ ಪೂಜೆ ಮಾಡುತ್ತೇವೆ. ಪೂಜೆಗೆ ಇಟ್ಟ ಸಾಮಾನನ್ನು ವಿಜಯದಶಮಿ ಮುಗಿಯುವ ತನಕ ಕೆಲಸಕ್ಕೆ ತೆಗೆಯುವುದಿಲ್ಲ. ಆ ವರ್ಷ ನನ್ನ ಮಗನಿಗೆ ಭಕ್ತಿ ಸ್ವಲ್ಪ ಜಾಸ್ತಿ ಏರಿತ್ತು, ತಂಗಿಯ ಮನೆಯ ಬಾಗಿಲು ಎಂದು. ಮುಂಜಾನೆ ಬೈಕಿನಲ್ಲಿ ಹೊನ್ನಾಳಿಗೆ ಹೋಗಿ ಕ್ಯಾನಿನಲ್ಲಿ ತುಂಗಭದ್ರೆಯ ನೀರು ತಂದ. ನಲ್ಲಿ ನೀರು ಆಗುವುದಿಲ್ಲವಂತೆ. ನಾನು ಅಡುಗೆ ಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ, ಸೊಸೆ ಹಿಟ್ಟು ನಾದುತ್ತಿದ್ದಳು. ಶೆಡ್ಡಿನಲ್ಲಿ ಅವನೊಬ್ಬನೇ.

ವಿಜಯದಶಮಿ ಕಳೆದ ಮೇಲೆ ಬೆಳಿಗ್ಗೆ ಸೊಸೆ ಕಂಪ್ಯೂಟರ್ ಹಾಕಿದಳು. ಸಾಫ್ಟ್‌ವೇರ್ ತೆರೆಯಲಿಲ್ಲ. ಕೆಂಪು ಗುರುತಿನ ಒಂದು ಚೌಕ ಬಂದು ನಿಂತಿತು.

"ಡಾಂಗಲ್ ಇಲ್ಲ ಅಂತೈತೆ," ಅಂದಳು. ಬಗ್ಗಿ ಹಿಂದೆ ನೋಡಿದಳು. "ಇಲ್ಲೇ ಐತಲ್ಲ! ರೀ, ಇದ್ಯಾಕೆ ಹಿಂಗೆ ಬೆಳ್ಳಗೈತೆ?"

ನನ್ನ ಮಗ ಮರದ ಹಿಂದೆ ನಿಂತಿದ್ದ. ಚಿಕ್ಕಂದಿನಿಂದಲೂ ತಪ್ಪು ಮಾಡಿದರೆ ಯಾವುದಾದರೂ ವಸ್ತುವಿನ ಹಿಂದೆಯೇ ನಿಲ್ಲುತ್ತಾನೆ.

"ಏನ್ ಮಾಡ್ದಿ ಅದಕ್ಕೆ?" ನಾನು ಕೇಳಿದೆ.

"ಏನಿಲ್ಲ ಯವ್ವ. ಬರೀ ಪೂಜೆ ಮಾಡ್ದೆ."

"ಹೆಂಗೆ ಮಾಡ್ದಿ?"

"ಬಿಚ್ಚಿ ತಟ್ಟೆಯಾಗಿಟ್ಟು... ಹಂಗೇ ಒಂದೀಟು ತೊಳ್ದು..."

"ತೊಳ್ದ್ಯಾ?"

"ಹೊಳೆ ನೀರು ಯವ್ವ, ಕೊಳಕು ನೀರಲ್ಲ."

ಸೊಸೆ ಹಣೆ ಹಣೆ ಬಡಿದುಕೊಂಡಳು. ತೊಳೆದದ್ದು ಮಾತ್ರವಲ್ಲ. ವಿಭೂತಿ ಕಲಸಿ ಮೂರು ಬೆರಳಿನ ಪಟ್ಟೆ ಎಳೆದಿದ್ದಾನೆ. ಹಸಿ ವಿಭೂತಿ ಆ ಕಡ್ಡಿಗಳ ಸಂದಿಗೆ ಇಳಿದಿದೆ. ಮೇಲೆ ಕುಂಕುಮ, ಅದರ ಮೇಲೆ ಒಂದು ಸೇವಂತಿಗೆ. ಅದು ಸಾಲದೆಂದು ಹತ್ತಿರದಲ್ಲೇ ಕರ್ಪೂರ ಹಚ್ಚಿದ್ದಾನೆ. ಆಮೇಲೆ ಒದ್ದೆಯಾಗಿದ್ದಂತೆಯೇ ತಂದು ಬಿಗಿದಿದ್ದಾನೆ. ಕಡ್ಡಿಗಳು ಹಸಿರು ಹಿಡಿದಿದ್ದವು.

"ಮಷಿನ್ ನಡೆಸೋದೇ ಅದಲ್ವಾ ಯವ್ವ? ಎಲ್ಲಾದಕ್ಕೂ ಮಾಡಿ ಅದಕ್ಕೇ ಮಾಡ್ಲಿಲ್ಲ ಅಂದ್ರೆ ಹೆಂಗೆ?"

ನಾನು ಒಳಗೆ ಹೋಗಿ ಉಳಿದ ಹೋಳಿಗೆಯನ್ನು ಎಮ್ಮೆಗೆ ಹಾಕಿದೆ. ಅವನಿಗೆ ಹಾಕಲು ಮನಸ್ಸು ಬರಲಿಲ್ಲ.

ಡಾಂಗಲನ್ನು ಬಿಸಿಲಿಗೆ ಇಟ್ಟೆವು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆವು. ಸೊಸೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಒಮ್ಮೊಮ್ಮೆ ಬೆರಳಿನಿಂದ ಒತ್ತಿ ಹಿಡಿದರೆ ಸಾಫ್ಟ್‌ವೇರ್ ತೆರೆಯುವ ಹಾಗೆ ಮಾಡಿ, ಬಿಟ್ಟ ತಕ್ಷಣ ಮುಚ್ಚಿಕೊಳ್ಳುತ್ತಿತ್ತು. ಹೀಗೆ ಒತ್ತಿಹಿಡಿದು ಕೆತ್ತಲು ಆಗುವುದಿಲ್ಲ. ನಡುವೆ ಮುಚ್ಚಿಕೊಂಡರೆ ಮೊನೆ ಎಲ್ಲಿದೆಯೋ ಅಲ್ಲೇ ನಿಂತು ಗಿಣಿಯ ಕಣ್ಣಿಗೆ ತೂತು ಕೊರೆಯುತ್ತದೆ. ಅಂಥ ತೇಗದ ತುಂಡು ಇನ್ನೊಂದಿರಲಿಲ್ಲ.

ಕೈಯಲ್ಲಿ ಕೆತ್ತೋ ಅಂದೆ. ಕೆತ್ತಬಲ್ಲ, ಆದರೆ ಕೈಯ ಗೆರೆ ಬೇರೆ, ಮಷಿನಿನ ಗೆರೆ ಬೇರೆ. ಒಂದೇ ಬಾಗಿಲಿನ ಎರಡು ಕಡೆ ಎರಡು ಥರ ಕಂಡರೆ ಬೀಗತಿಗೆ ಹಬ್ಬ. ಬೇರೆ ಶೆಡ್ಡಿನಲ್ಲಿ ಕೆತ್ತಿಸೋಣ ಎಂದರೆ, ಗಿಣಿಯ ಚಿತ್ರವನ್ನು ಬರೆದದ್ದು ಈ ಹಳೆಯ ಸಾಫ್ಟ್‌ವೇರಿನಲ್ಲಿ. ಅವರ ಹೊಸ ಸಾಫ್ಟ್‌ವೇರಿಗೆ ಅದು ಓದಲು ಬರುವುದಿಲ್ಲವಂತೆ. ನಾವೇ ಬರೆದ ಗಿಣಿ, ನಮ್ಮದೇ ಕಂಪ್ಯೂಟರಿನಲ್ಲಿ ಕೂತಿದೆ, ನಮಗೇ ಸಿಗುವುದಿಲ್ಲ.

ಸೊಸೆ ಕಂಪನಿಗೆ ಫೋನ್ ಮಾಡಿದಳು. ಬಹಳ ಹೊತ್ತು ಹಾಡು ಕೇಳಿಸಿ ಆಮೇಲೆ ಒಂದು ಹುಡುಗಿ ಹಿಂದಿಯಲ್ಲಿ ಜೇನು ಸುರಿಸಿದಳು. ಸೊಸೆ ತನಗೆ ಬರುವ ಅರ್ಧ ಹಿಂದಿಯಲ್ಲಿ ಮಾತಾಡಿ ಫೋನ್ ಇಟ್ಟಳು.

"ಏನಂತೆ?"

"ಈ ಸಾಫ್ಟ್‌ವೇರ್ ನಿಲ್ಲಿಸಿ ಬಾಳ ವರ್ಷ ಆತಂತೆ. ಇದಕ್ಕೆ ಬೇರೆ ಡಾಂಗಲ್ ಕೊಡಲ್ವಂತೆ. ಹೊಸದು ತಗೊಳ್ರಿ ಅಂತಾಳೆ."

"ತಗೊಂಡ್ರೆ ಆತಾ?"

"ಹೊಸದು ಹಳೇ ಕಂಪ್ಯೂಟರಿಗೆ ಆಗಲ್ಲ. ಹೊಸ ಕಂಪ್ಯೂಟರ್ ಈ ಮಷಿನ್ನಿಗೆ ಆಗಲ್ಲ."

"ಹಂಗಾರೆ ಮನೇನೂ ಕೆಡವಿ ಹೊಸದು ಕಟ್ಟು ಅಂದ್ಲಾ?"

"ಅದೊಂದು ಅನ್ನಲಿಲ್ಲ ಅತ್ತೆ. ಕೊನೆಗೆ, ನಮ್ಮ ಸೇವೆ ಇಷ್ಟ ಆದ್ರೆ ಒಂದು ಒತ್ತಿ ಅಂದ್ಲು."

ಅಷ್ಟರಲ್ಲಿ ಸುದ್ದಿ ಸವಳಂಗಕ್ಕೆ ತಲುಪಿತ್ತು. ನನ್ನ ಮಗನೇ ತಂಗಿಗೆ ಹೇಳಿದ್ದ, ತಂಗಿ ಅತ್ತು ಮುಖ ಊದಿಸಿಕೊಂಡದ್ದನ್ನು ಅವಳ ಅತ್ತೆ ನೋಡಿದ್ದರು. ಸಂಜೆ ಬೀಗತಿಯ ಫೋನ್ ಬಂತು.

"ಏನ್ರೀ ಬೀಗ್ತೆರೆ, ನಮ್ ಬಾಗ್ಲಿಗೆ ಒಂದೇ ಕಾಲು ಬಂದೈತಂತೆ?"

"ಇನ್ನೊಂದು ಬರ್ತೈತೆ ರೀ. ಒಟ್ಟಿಗೆ ಎರಡು ಕಾಲಿನಾಗೆ ಯಾರೂ ಹುಟ್ಟಿದ ದಿನಾನೇ ನಿಲ್ಲಲ್ಲ."

"ಹಂಗಲ್ರೀ, ದಿನಾ ಹತ್ರ ಬಂತು. ಬರೀ ಸಾದಾ ಚೌಕಟ್ಟು ಪೇಟೆಯಾಗೆ ಸಿಗ್ತಾವೆ, ತಂದ್ಬಿಡಾನಾ? ಸುಮ್ನೆ ನಿಮಗ್ಯಾಕೆ ತೊಂದ್ರೆ."

ಆ 'ತೊಂದ್ರೆ' ಎನ್ನುವಾಗ ಅವರ ಧ್ವನಿಯಲ್ಲಿ ಎಷ್ಟು ಸುಖವಿತ್ತೆಂದರೆ ನನಗೆ ಫೋನನ್ನು ಅಕ್ಕಿ ಡಬ್ಬಿಗೆ ಎಸೆಯಬೇಕು ಅನಿಸಿತು.

"ನಮಗೆ ತೊಂದ್ರೆ ಇಲ್ರೀ," ಅಂದೆ. "ಎರಡು ಕಾಲಿಂದೂ ತರ್ತೀವಿ. ಬೇಕಾದ್ರೆ ನಡ್ಕೊಂಡೇ ಬರ್ತೈತೆ."

ಮಷಿನನ್ನು ನಮ್ಮ ಶೆಡ್ಡಿಗೆ ಜೋಡಿಸಿಕೊಟ್ಟಿದ್ದ ಮನುಷ್ಯನ ನೆನಪು ಸೊಸೆಗೆ ಆಗ ಬಂತು. ಆ ಕೆಲಸ ಬಿಟ್ಟು ಈಗ ತನ್ನೂರು ಜಗಳೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನಂತೆ. ಫೋನ್ ಮಾಡಿದಳು. ಅವನು ಕೇಳಿದ್ದು ಒಂದೇ ಪ್ರಶ್ನೆ: ಡಾಂಗಲ್ ಪೂರ್ತಿ ಸತ್ತಿದೆಯೋ, ಒತ್ತಿದರೆ ಉಸಿರಾಡುತ್ತದೆಯೋ? ಒತ್ತಿದರೆ ಉಸಿರಾಡುತ್ತದೆ ಎಂದಳು. ಹಾಗಾದರೆ ಕಂಪ್ಯೂಟರ್ ಡಬ್ಬ, ಡಾಂಗಲ್, ಕೊಂಡ ರಸೀದಿ ಮೂರನ್ನೂ ಬೇಗ ತನ್ನಿ, ಅದರ ನಕಲು ಮಾಡಿ ಕಂಪ್ಯೂಟರಿನೊಳಗೇ ಕೂರಿಸುತ್ತೇನೆ, ಪೂರ್ತಿ ಸತ್ತರೆ ನನ್ನ ಕೈಯಲ್ಲೂ ಆಗುವುದಿಲ್ಲ ಎಂದ.

ಈಗ ನನ್ನ ಮಗನಿಗೆ ಧರ್ಮ ನೆನಪಾಯಿತು.

"ನಕಲು ಮಾಡೋದು ಕಳ್ಳತನ ಅಲ್ವೇನವ್ವ?"

"ಯಾರ ಮನೇದು ಕದ್ದಂಗಾತು?"

"ಕಂಪನೀದು."

"ಕಂಪನಿಯೋರು ಕೊಡ್ರಿ ಅಂದ್ರೆ ಕೊಡಲ್ಲ ಅಂದ್ರು. ನಾವು ಕೊಂಡಿದ್ದು, ನಮ್ ಕಂಪ್ಯೂಟರು, ನಮ್ ಗಿಣಿ. ಊರಿಗೆಲ್ಲ ಹಂಚಾಕೆ ಹೊಂಟೀವಾ? ನಮ್ ಶೆಡ್ಡಿನಾಗೆ ನಾವು ಕೆತ್ತಾಕೆ ಹೊಂಟೀವಿ."

"ಆದ್ರೂ..."

"ಆದ್ರೂ ಇಲ್ಲ ಗೀದ್ರೂ ಇಲ್ಲ. ನೀನು ತೊಳೀದಿದ್ರೆ ಈ ಪ್ರಶ್ನೆನೇ ಹುಟ್ಟುತಿರಲಿಲ್ಲ. ಮರ ಕಾಯ್ಕೊಂಡು ಮನ್ಯಾಗಿರು. ಪೂಜೆ ಗೀಜೆ ಮಾಡಿಯಾ, ಮತ್ತೆ!"

ಹೀಗೆ ನಾನು, ಸೊಸೆ ಹೊರಟೆವು. ಹೊಸ ಕಂಪ್ಯೂಟರುಗಳಿಗೆ ಆ ಡಾಂಗಲ್ ಕೂರುವ ಬಾಯಿಯೇ ಇಲ್ಲವಂತೆ, ಅದಕ್ಕೆ ಡಬ್ಬವನ್ನೇ ಹೊರಬೇಕು. ನನ್ನ ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡೆ. ಡಾಂಗಲ್ ನನ್ನ ಎಲೆಅಡಿಕೆ ಚೀಲದಲ್ಲಿ, ಹತ್ತಿಯೊಳಗೆ. ಕಂಡಕ್ಟರ್ ಬಂದು ನಿಂತ.

"ಅಜ್ಜಿ, ಹೆಂಗಸರಿಗೆ ಫ್ರೀ. ಮಡಿಲಾಗಿರೋದು ಹೆಣ್ಣೋ ಗಂಡೋ?"

"ಗಂಡು ಕಣಪ್ಪ. ಹೇಳಿದ್ ಮಾತು ಒಂದೂ ಕೇಳಲ್ಲ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಗುತ್ತಾ ಲಗೇಜ್ ಟಿಕೆಟ್ ಹರಿದ. ನಕ್ಕರೂ ಬಿಡಲಿಲ್ಲ ನೋಡಿ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿದೆವು. ಜಗಳೂರಿನ ರಸ್ತೆಯಲ್ಲಿ ಉದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು. ಅರ್ಧ ರಸ್ತೆ ಜೋಳಕ್ಕೆ, ಅರ್ಧ ರಸ್ತೆ ಬಸ್ಸಿಗೆ. ಬಸ್ಸು ಕುಲುಕಿದಾಗಲೆಲ್ಲ ಸೊಸೆ ಡಬ್ಬವನ್ನು ನೋಡುತ್ತಿದ್ದಳು, ನನ್ನ ಮಂಡಿಯನ್ನು ಯಾರೂ ನೋಡಲಿಲ್ಲ.

ಅಂಗಡಿಯವನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಕೂತಿದ್ದ. ಬಾಯಿ ತುಂಬ ಮಾತು, ಕೈ ತುಂಬ ಎಣ್ಣೆ. ಇಂಥದ್ದು ತನ್ನನ್ನು ಬಿಟ್ಟು ಈ ಸುತ್ತಿನಲ್ಲಿ ಯಾರಿಗೂ ಬರುವುದಿಲ್ಲ ಎಂದು ನಾವು ಕೂರುವ ಮೊದಲೇ ಹೇಳಿ ಮುಗಿಸಿದ. ಡಾಂಗಲ್ ಎತ್ತಿಕೊಳ್ಳಲು ಕೈ ಚಾಚಿದ.

"ಕೈ ತೊಳ್ಕಳಪ್ಪ ಮೊದಲು," ಅಂದೆ. "ಈಗಾಗ್ಲೇ ಅದು ವಿಭೂತಿ ಕುಡಿದೈತೆ. ಮೆಣಸಿನಕಾಯಿ ಬ್ಯಾರೆ ತಿನ್ನಿಸಬ್ಯಾಡ."

ಕೈ ತೊಳೆದು ಬಂದು ರಸೀದಿ ಕೇಳಿದ. ರಸೀದಿ ಇಲ್ಲದವರಿಗೆ ತಾನು ಈ ಕೆಲಸ ಮಾಡುವುದಿಲ್ಲವಂತೆ, ಕದ್ದ ಸಾಫ್ಟ್‌ವೇರು ತನಗೆ ಬೇಡವಂತೆ. ಇದೊಂದು ಮಾತಿಗೆ ಅವನ ಮೇಲೆ ನನಗೆ ಸ್ವಲ್ಪ ನಂಬಿಕೆ ಬಂತು. ರಬ್ಬರಿನಿಂದ ಕಡ್ಡಿಗಳನ್ನು ಉಜ್ಜಿದ, ಏನೋ ವಾಸನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ.

"ಒಳಗೆ ಎಲ್ಲೋ ಬಿಟ್ಕೊಂಡೈತೆ ಅಜ್ಜಿ. ಬಿಚ್ಚಾಕೆ ಬರಲ್ಲ, ಅಂಟು ಸುರಿದು ಮುಚ್ಚಿದಾರೆ. ಒತ್ತಿ ಹಿಡಿದೇ ಓದ್ಬೇಕು."

"ಓದಿ ಏನ್ ಮಾಡ್ತಿ?"

"ನೋಡ್ರಿ, ಸಾಫ್ಟ್‌ವೇರು ಪ್ರಶ್ನೆ ಕೇಳ್ತೈತೆ, ಇದು ಉತ್ತರ ಕೊಡ್ತೈತೆ. ಆ ಉತ್ತರನೆಲ್ಲ ನಾನು ಇದರ ಹೊಟ್ಟೆಯಿಂದ ತೆಗೆದು ಒಂದು ಫೈಲಿನಾಗೆ ಇಡ್ತೀನಿ. ಎಮ್ಯುಲೇಟರ್ ಅಂತ ಒಂದು ಸಣ್ಣ ಪ್ರೋಗ್ರಾಮು ಕಂಪ್ಯೂಟರ್ ಒಳಗೇ ಕೂತ್ಕಂಡು ಇದರ ಬದ್ಲು ತಾನೇ ಉತ್ತರ ಹೇಳ್ತೈತೆ. ಸಾಫ್ಟ್‌ವೇರಿಗೆ ಡಾಂಗಲ್ ಐತೆ ಅಂತ್ಲೇ ಲೆಕ್ಕ."

ಇದು ನನಗೆ ಚೆನ್ನಾಗಿ ಅರ್ಥವಾಯಿತು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಿಟ್ಟ ಮೇಲೂ ಬಹಳ ದಿನ ಮೇಷ್ಟ್ರು ನನ್ನ ಹೆಸರು ಕೂಗುತ್ತಿದ್ದರಂತೆ, ಪಕ್ಕದ ಮನೆಯ ಹುಡುಗಿ ತಲೆ ಬಗ್ಗಿಸಿಕೊಂಡು ಹಾಜರ್ ಅನ್ನುತ್ತಿದ್ದಳಂತೆ. ಮಧ್ಯಾಹ್ನದ ಉಪ್ಪಿಟ್ಟಿನಲ್ಲಿ ನನ್ನ ಪಾಲೂ ಅವಳಿಗೇ. ಮೇಷ್ಟ್ರು ತಲೆ ಎತ್ತಿ ನೋಡಿದವರಲ್ಲ, ಹಾಜರ್ ಅನ್ನುವುದು ಕಿವಿಗೆ ಬಿದ್ದರೆ ಸಾಕು. ಈ ಸಾಫ್ಟ್‌ವೇರೂ ಅಂಥದ್ದೇ. ಇಷ್ಟಕ್ಕೆ ಇಷ್ಟು ವರ್ಷ ಹೆದರಿಕೊಂಡಿದ್ದೆವು.

ಆ ಕಥೆಯನ್ನು ಅವನಿಗೂ ಹೇಳಿ, "ಆ ಹುಡುಗಿಯೂ ಎಮ್ಯುಲೇಟರೇ ಹಂಗಾರೆ," ಅಂದೆ. ಅವನು ಮಂಡಕ್ಕಿ ನೆತ್ತಿಗೇರುವ ಹಾಗೆ ನಕ್ಕ.

ಒತ್ತಿ ಹಿಡಿಯುವವರು ಯಾರು? ಅವನು ಕೀಲಿಮಣೆ ಕುಟ್ಟಬೇಕು. ಸೊಸೆ ಮೊಬೈಲಿನ ಬೆಳಕು ಬಿಟ್ಟು ಅವನು ಕೇಳಿದ ನಂಬರು ಓದಿ ಹೇಳಬೇಕು. ಉಳಿದವಳು ನಾನು. ಡಬ್ಬದ ಹಿಂದೆ ಮಣೆ ಹಾಕಿಕೊಂಡು ಕೂತು, ಡಾಂಗಲನ್ನು ಎಡಕ್ಕೂ ಮೇಲಕ್ಕೂ ಒತ್ತಿದೆ. ಕೂಸಿಗೆ ಔಷಧಿ ಕುಡಿಸುವಾಗ ದವಡೆ ಹಿಡಿಯುತ್ತೇವಲ್ಲ, ಹಾಗೆ. ಜೋರಾದರೂ ಆಗದು, ಸಡಿಲವಾದರೂ ಆಗದು.

"ಬಂತು ಬಂತು, ಹಂಗೇ ಇರ್ರಿ!" ಅಂದ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇರುವೆಯ ಹಾಗೆ ಮುಂದಕ್ಕೆ ಹೋಗತೊಡಗಿತು. ಅರ್ಧ ದಾಟಿತು. ಕರೆಂಟ್ ಹೋಯಿತು.

ಪಟ್ಟಿಯೂ ಹೋಯಿತು, ಪರದೆಯೂ ಹೋಯಿತು.

"ಬ್ಯಾಟ್ರಿ ಇಲ್ವೇನಪ್ಪ?"

"ಐತೆ ಅಜ್ಜಿ. ಅದು ಹೋಗೈತೆ. ಬದ್ಲಿ ಹಾಕ್ಬೇಕು ಅಂತಿದ್ದೆ."

"ಊರಿನ ಕಂಪ್ಯೂಟರೆಲ್ಲ ರಿಪೇರಿ ಮಾಡ್ತಿ, ನಿನ್ನ ಬ್ಯಾಟ್ರಿ ರಿಪೇರಿ ಮಾಡಾಕೆ ಯಾರನ್ನ ಕರೀಬೇಕು?"

"ಬೈರಿ ಅಜ್ಜಿ, ಬೈರಿ. ನಮ್ಮವ್ವನೂ ಇದನ್ನೇ ಬೈತಾಳೆ."

ಕರೆಂಟು ಬರುವ ತನಕ ಅವನು ಉಳಿದ ಮಂಡಕ್ಕಿ ಮುಗಿಸಿದ, ನಮಗೂ ತರಿಸಿದ. ಪ್ರತಿ ಸಲ ಒತ್ತಿದಾಗಲೂ ಅದರ ಉಸಿರು ಕಮ್ಮಿಯಾಗುತ್ತಿದೆ ಎಂದು ಅವನೇ ಹೇಳಿದ್ದ. ಪೂಜೆಯ ದಿನ ಬೇರೆ ಹತ್ತಿರ ಬರುತ್ತಿತ್ತು, ಬಲಗಂಬ ಶೆಡ್ಡಿನಲ್ಲಿ ಬೋಳಾಗಿ ಮಲಗಿತ್ತು.

ಕರೆಂಟ್ ಬಂತು. ಮತ್ತೆ ಕೂತೆ. ಈ ಸಲ ಅದು ಸಿಗಲೇ ಇಲ್ಲ. ಎಡಕ್ಕೆ ಒತ್ತಿದೆ, ಬಲಕ್ಕೆ ಒತ್ತಿದೆ, ಮೇಲೆತ್ತಿದೆ. ಕೊನೆಗೆ ಹೆಬ್ಬೆರಳನ್ನು ಅಡಿಗೆ ಕೊಟ್ಟು, ತೋರುಬೆರಳಿನಿಂದ ಮೇಲಿನ ಮೂಲೆಯನ್ನು ಅಮುಕಿದಾಗ ಅವನು "ಹಾಂ!" ಎಂದ. ಹಸಿರು ಪಟ್ಟಿ ಮತ್ತೆ ಹೊರಟಿತು.

ಆಗಲೇ ನನ್ನ ಫೋನ್ ಹೊಡೆದುಕೊಂಡಿತು. ಸೊಸೆ ತೆಗೆದು ಸ್ಪೀಕರಿಗೆ ಹಾಕಿದಳು. ಬೀಗತಿ.

"ಏನ್ರೀ ಬೀಗ್ತೆರೆ, ಗಾರೆಯೋರು ಕೇಳ್ತಾರೆ, ಒಂದ್ ಕಡೆ ಗೋಡೆ ಮುಚ್ಚಿಬಿಡಾನಾ ಅಂತ. ಹೆಂಗೂ ಒಂದೇ ಕಾಲಲ್ವಾ?"

"ಮುಚ್ಚಬ್ಯಾಡ್ರಿ. ಬರ್ತೈತೆ. ಫೋನ್ ಇಡ್ರಿ."

"ಯಾಕ್ರೀ, ಏನ್ ಮಾಡಾಕತ್ತೀರಿ?"

"ಬಾಗ್ಲಿನ ಕಾಲು ಹಿಡ್ಕೊಂಡು ಕೂತೀನಿ. ಅಲ್ಲಾಡಿದ್ರೆ ಮುರೀತೈತೆ. ಇಡ್ರಿ!"

ಸೊಸೆ ಕತ್ತರಿಸಿದಳು. ನನ್ನ ಬೆರಳು ಅಲ್ಲಾಡಲಿಲ್ಲ. ಬೀಗತಿಯ ಮೇಲಿದ್ದ ಸಿಟ್ಟೆಲ್ಲ ಆ ಬೆರಳಿಗೇ ಹೋಗಿತ್ತು, ಅಲ್ಲಾಡುವುದು ಹೇಗೆ? ಪಟ್ಟಿ ತುಂಬಿತು. "ಬಿಡ್ರಿ ಅಜ್ಜಿ," ಅಂದ. ಬಿಡಲು ಹೋದರೆ ಬೆರಳು ಬಿಚ್ಚಿಕೊಳ್ಳಲಿಲ್ಲ. ಸೊಸೆ ಬಂದು ಒಂದೊಂದಾಗಿ ಬಿಡಿಸಿದಳು.

ಅವನು ಏನೇನೋ ಕುಟ್ಟಿ, ಕಂಪ್ಯೂಟರನ್ನು ಆರಿಸಿ ಹಾಕಿ, ಬೆನ್ನಿಗೆ ಏನೂ ಇಲ್ಲದೆ ಸಾಫ್ಟ್‌ವೇರ್ ತೆರೆದ. ತೆರೆಯಿತು. ನಮ್ಮ ಗಿಣಿ ಪರದೆಯ ಮೇಲೆ ಬಂದು ಕೂತಿತು. ಸೊಸೆ ಅಭ್ಯಾಸಬಲದಿಂದ ಬಗ್ಗಿ ಡಬ್ಬದ ಹಿಂದೆ ನೋಡಿದಳು. ಅಲ್ಲಿ ಖಾಲಿ. ಅವನು ಇನ್ನೊಮ್ಮೆ ಡಾಂಗಲ್ ಹಾಕಿ ಪರೀಕ್ಷೆ ಮಾಡಲು ಹೋದ. ಹೇಗೆ ಒತ್ತಿದರೂ ಅದು ಮತ್ತೆ ಉಸಿರೆತ್ತಲಿಲ್ಲ.

"ಗಿಣಿ ಕೊಕ್ಕು ಯಾಕೋ ಸೊಟ್ಟ ಐತಲ್ಲ?" ಎಂದ ಅವನು, ಪರದೆ ನೋಡುತ್ತಾ. ಸೊಸೆ ನನ್ನ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಾ ಅತ್ತೆ? ಮನೆಗೆ ಹೋಗಿ ಅವ್ರಿಗೆ ಹೇಳ್ರಿ. ನಾನು ಆವತ್ತೇ ಅಂದಿದ್ದೆ."

ಮನೆಗೆ ಬಂದ ಮೇಲೆ ಬಲಗಂಬವನ್ನು ಮಷಿನಿಗೆ ಏರಿಸಿದರು. ಮೊನೆ ತಿರುಗಿತು, ಹೊಟ್ಟು ಹಾರಿತು, ಎಡಗಡೆಯ ಗಿಣಿಗೆ ಎದುರಾಗಿ ಬಲಗಡೆಯ ಗಿಣಿ ಮರದಿಂದ ಎದ್ದಿತು. ಸೊಟ್ಟ ಕೊಕ್ಕೂ ಹಾಗೆಯೇ, ತಿರುಗುಮುರುಗಾಗಿ. ನನ್ನ ಮಗ ದೂರದಲ್ಲಿ ಕೈಕಟ್ಟಿ ನಿಂತಿದ್ದ. ಹತ್ತಿರ ಬರಬೇಡ ಎಂದು ನಾನೇ ಹೇಳಿದ್ದೆ. ಜಗಳೂರಿನವನು ಆ ನಕಲನ್ನು ಪೆನ್‌ಡ್ರೈವಿಗೂ ಹಾಕಿಕೊಟ್ಟಿದ್ದ. ಅದನ್ನು ನನ್ನ ಟ್ರಂಕಿನಲ್ಲಿ, ರವಿಕೆಗಳ ಅಡಿಯಲ್ಲಿ ಇಟ್ಟೆ. ದೇವರ ಗೂಡಿನಿಂದ ಎಷ್ಟು ದೂರವೋ ಅಷ್ಟು ಒಳ್ಳೆಯದು.

ಗೊತ್ತಾದ ದಿನ ಟಾಟಾ ಏಸ್‌ನಲ್ಲಿ ಚೌಕಟ್ಟು ಹೇರಿಕೊಂಡು ಸವಳಂಗಕ್ಕೆ ಹೋದೆವು. ಮಗಳು ಬಾಗಿಲು ಇಳಿಸುವ ಮೊದಲೇ ಬಂದು ಎರಡೂ ಕಂಬ ಎಣಿಸಿದಳು. ಅವಳ ಅತ್ತೆ ಕನ್ನಡಕ ಹಾಕಿಕೊಂಡು ಬಂದು ಎಡಗಡೆ ನೋಡಿದರು, ಬಲಗಡೆ ನೋಡಿದರು, ಮತ್ತೆ ಎಡಗಡೆ ನೋಡಿದರು.

"ಗಿಣಿ ಕೊಕ್ಕು ಸೊಟ್ಟ ಐತಲ್ರೀ," ಅಂದರು.

"ಎರಡೂ ಕಡೆ ಒಂದೇ ಥರ ಸೊಟ್ಟ ಐತಾ ಇಲ್ವಾ, ಅದು ಹೇಳ್ರಿ."

"ಐತೆ, ಐತೆ. ಎರಡೂ ಒಂದೇ ಥರ."

ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಅಷ್ಟು ಸಾಕಿತ್ತು.

ಹೊಸ್ತಿಲು ಕೂರಿಸುವ ಮುಂಚೆ ಅಡಿಯ ಗುಂಡಿಗೆ ನವಧಾನ್ಯ, ಒಂದು ಚೂರು ಬೆಳ್ಳಿ, ಅರಿಸಿನದ ಕೊಂಬು ಹಾಕುತ್ತಾರೆ. ಎಲ್ಲರೂ ಹಾಕಿದ ಮೇಲೆ ನನ್ನ ಮಗ ಬಗ್ಗಿ ಜೇಬಿನಿಂದ ಏನನ್ನೋ ತೆಗೆದು ಸದ್ದಿಲ್ಲದೆ ಗುಂಡಿಗೆ ಬಿಟ್ಟ. ನನ್ನ ಕಣ್ಣಿಗೆ ಬಿತ್ತು. ಡಾಂಗಲ್. ಮೇಲೆ ಹೊಸದಾಗಿ ಕುಂಕುಮ.

"ಏನೋ ಅದು?"

"ಪಾಪ ಯವ್ವ, ಇಷ್ಟು ವರ್ಷ ದುಡೀತು. ಬಾಗ್ಲಡಿ ಇರ್ಲಿ."

"ತೆಗಿ ಆಚೆಗೆ! ಈ ಮನೆಯೋರು ದಿನಾ ಬೆಳಿಗ್ಗೆ ಬಾಗ್ಲು ತೆಗ್ಯಾಕೆ ಹೋದ್ರೆ ನೀನ್ಯಾರು, ನೀನ್ಯಾರು ಅಂತ ಕೇಳ್ಬೇಕಾ ಅದು? ಆ ಕೆಲ್ಸ ಮಾಡಾಕೆ ಇಲ್ಲಿ ಬ್ಯಾರೆಯೋರು ಅದಾರೆ."

ಬೀಗತಿ ನನ್ನನ್ನೊಮ್ಮೆ ನೋಡಿ ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಂಡಿಗೆ ಕೈ ಹಾಕಿ, ಅದನ್ನು ಎತ್ತಿಕೊಂಡೆ. ಹೊಸ್ತಿಲು ಕೂತಿತು. ಎರಡು ಕಂಬ ಎದ್ದವು. ಮಗಳು ಮೊದಲು ದಾಟಿದಳು, ಯಾರೂ ಏನೂ ಅನ್ನಲಿಲ್ಲ.

ಡಾಂಗಲನ್ನು ಶೆಡ್ಡಿನ ತುಕ್ಕು ಮೊಳೆಗಳ ಡಬ್ಬಿಗೆ ಹಾಕಿದ್ದೇನೆ. ಈ ವರ್ಷದ ಆಯುಧ ಪೂಜೆಯಲ್ಲಿ ಕಂಪ್ಯೂಟರಿನ ಹತ್ತಿರ ನಾನೇ ಮಣೆ ಹಾಕಿಕೊಂಡು ಕಾವಲು ಕೂತಿದ್ದೆ. ಮಗ ನನ್ನನ್ನು ಸುತ್ತುಹಾಕಿ ಹೋಗಿ ಮೊಳೆ ಡಬ್ಬಿಯಿಂದ ಅದನ್ನು ಹುಡುಕಿ ತೆಗೆದು, ತಟ್ಟೆಯಲ್ಲಿಟ್ಟು, ತೊಳೆದು, ಮೂರು ಪಟ್ಟೆ ಎಳೆದ. ನಾನು ಮಣೆಯಿಂದ ಏಳಲಿಲ್ಲ. ಇನ್ನು ಅದಕ್ಕೆ ಏನು ಬೇಕಾದರೂ ಹಚ್ಚಿಕೊಳ್ಳಲಿ.